ಕೆಳದಿ ಸಂಸ್ಥಾನದ ಸೇನಾವ್ಯವಸ್ಥೆ: ಬಿದನೂರಿನ ರಕ್ಷಣೆ ಮತ್ತು ಪತನ

ಸೇನೆಯೆಂದೊಡನೆ ಸಾಮಾನ್ಯರ ಮನಸ್ಸಿನಲ್ಲಿ ಮೊದಲು ಮೂಡುವುದು ಸಂಖ್ಯೆ. ನಮ್ಮ ಪ್ರಾಚೀನರೂ ಸಂಖ್ಯೆಯನ್ನು ಉಪೇಕ್ಷಿಸಲಿಲ್ಲ. ಒಂದು ರಥ, ಒಂದು ಆನೆ, ಮೂರು ಕುದುರೆ, ಐವರು ಕಾಲಾಳುಗಳು ಕೂಡಿದರೆ ಒಂದು ಪತ್ತಿ. ಅದರ ಮೂರರಷ್ಟು ಸೇನಾಮುಖ. ಹೀಗೆ ಮೂರು ಮೂರರಷ್ಟು ಬೆಳೆದು ಗುಲ್ಮ, ಗಣ, ವಾಹಿನೀ, ಪೃತನಾ, ಚಮೂ, ಅನೀಕಿನೀ ಎಂಬ ವಿಭಾಗಗಳಾಗುತ್ತವೆ. ಹತ್ತು ಅನೀಕಿನಿಗಳಿಗೆ ಒಂದು ಅಕ್ಷೌಹಿಣಿ. ಲೆಕ್ಕ ಹಾಕಿದರೆ ೨೧,೮೭೦ ರಥಗಳು, ಅಷ್ಟೇ ಆನೆಗಳು, ೬೫,೬೧೦ ಕುದುರೆಗಳು, ೧,೦೯,೩೫೦ ಕಾಲಾಳುಗಳು. ಕುರುಕ್ಷೇತ್ರದಲ್ಲಿ ಕೌರವರ ಪಕ್ಷಕ್ಕೆ ಇಂತಹ ಹನ್ನೊಂದು, ಪಾಂಡವರ ಪಕ್ಷಕ್ಕೆ ಏಳು. ಆದರೆ ಗೆದ್ದವರು ಏಳರವರು. ಸಂಖ್ಯೆಯನ್ನು ಇಷ್ಟು ನಿಷ್ಠೆಯಿಂದ ಎಣಿಸಿದ ಮಹಾಕಾವ್ಯವೇ ಸಂಖ್ಯೆಯೊಂದೇ ಬಲವಲ್ಲವೆಂಬುದನ್ನೂ ಹೀಗೆ ತೋರಿಸಿಕೊಟ್ಟಿದೆ.

ಹಾಗಾದರೆ ಬಲವೆಂದರೇನು? ಪಡೆಯ ಅಂಗಗಳನ್ನು ನೆಲಕ್ಕೂ ಕಾಲಕ್ಕೂ ಶತ್ರುವಿನ ಸ್ವಭಾವಕ್ಕೂ ಅನುಗುಣವಾಗಿ ಜೋಡಿಸುವ ವ್ಯವಸ್ಥೆಯೇ ಬಲ. ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡುಬೆಟ್ಟಗಳ ನಡುವೆ ಎರಡೂವರೆ ಶತಮಾನಕ್ಕೂ ಮೀರಿ ಬಾಳಿದ ಕೆಳದಿ ಸಂಸ್ಥಾನದ ಚರಿತ್ರೆಯೇ ಅದಕ್ಕೆ ಸಾಕ್ಷಿ. ತನಗಿಂತ ಎಷ್ಟೋ ದೊಡ್ಡದಾದ ಬಿಜಾಪುರದ ಪಡೆಯನ್ನೂ ಮೊಗಲರ ಪಡೆಯನ್ನೂ ತಡೆದುಕೊಂಡು ಉಳಿದ ಈ ಸಂಸ್ಥಾನ ೧೭೬೩ರಲ್ಲಿ ಕೆಲವೇ ವಾರಗಳಲ್ಲಿ ಕುಸಿದುಬಿದ್ದಿತು. ಅದೇ ಬೆಟ್ಟ, ಅದೇ ಕಾಡು, ಅದೇ ಕೋಟೆ. ಒಮ್ಮೆ ಕಾದದ್ದು ಇನ್ನೊಮ್ಮೆ ಏಕೆ ಕಾಯಲಿಲ್ಲ? ಈ ಪ್ರಶ್ನೆಯ ಪರಿಶೀಲನೆಯೇ ಪ್ರಕೃತ ಲೇಖನದ ಉದ್ದೇಶ.

ಷಡ್ವಿಧ ಬಲ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಸೇನೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ವಂಶಪರಂಪರೆಯಿಂದ ಅರಸನ ಅನ್ನವನ್ನುಂಡು ನಿಂತ ಪಡೆ ಮೌಲಬಲ. ಸಂಬಳಕ್ಕೆ ಸೇರಿದುದು ಭೃತಬಲ. ವೃತ್ತಿಸಂಘಗಳು ಒದಗಿಸುವುದು ಶ್ರೇಣಿಬಲ. ಸ್ನೇಹಿತ ರಾಜರದು ಮಿತ್ರಬಲ. ಶತ್ರುಪಕ್ಷದಿಂದ ಬಂದು ಸೇರಿದುದು ಅಮಿತ್ರಬಲ. ಕಾಡಿನ ಜನರದು ಆಟವಿಕಬಲ. ಈ ಆರರಲ್ಲಿ ಮುಂದಿನದಕ್ಕಿಂತ ಹಿಂದಿನದು ಶ್ರೇಷ್ಠವೆಂಬುದು ಅವನ ಅಭಿಪ್ರಾಯ. ಎಂದರೆ ಮೌಲಬಲ ಸರ್ವೋತ್ತಮ, ಆಟವಿಕಬಲ ಕೊನೆಯದು.

ಕೆಳದಿಯ ಅರಸರಿಗೂ ಇಂತಹ ಶಾಸ್ತ್ರಚಿಂತನೆ ಅಪರಿಚಿತವಾಗಿರಲಿಲ್ಲ. ೧೬೯೭ರಿಂದ ೧೭೧೪ರವರೆಗೆ ಆಳಿದ ಬಸವಪ್ಪನಾಯಕನು ೧೭೦೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವು ಒಂಬತ್ತು ಕಲ್ಲೋಲಗಳ, ನೂರೆಂಟು ತರಂಗಗಳ ಮಹಾಕೋಶ. ಅದರಲ್ಲಿ ಶೈವಸಿದ್ಧಾಂತದೊಡನೆ ರಾಜನೀತಿಯೂ ಆಳುವವನು ತಿಳಿದಿರಬೇಕಾದ ನಾನಾ ವಿದ್ಯೆಗಳೂ ಸ್ಥಾನ ಪಡೆದಿವೆ. ಲಿಂಗಣ್ಣಕವಿಯ ಚಂಪೂಕಾವ್ಯ ‘ಕೆಳದಿನೃಪವಿಜಯಂ’ ಈ ಅರಸರ ಯುದ್ಧಸಂಧಿಗಳನ್ನು ಅನುಕ್ರಮವಾಗಿ ನಿರೂಪಿಸುತ್ತದೆ. ಒಂದು ಶಾಸ್ತ್ರಗ್ರಂಥ, ಒಂದು ಚರಿತ್ರಕಾವ್ಯ. ಇವೆರಡನ್ನೂ ಪಡೆದ ಸಂಸ್ಥಾನಗಳು ಕನ್ನಡ ನಾಡಿನಲ್ಲಿ ವಿರಳ.

ಆದರೂ ಮಲೆನಾಡಿನಲ್ಲಿ ಕೌಟಿಲ್ಯನ ತಾರತಮ್ಯಕ್ಕೆ ಒಂದು ತಿದ್ದುಪಡಿ ಅವಶ್ಯವಾಯಿತು. ಬಯಲಿನಲ್ಲಿ ಕೊನೆಯದೆನಿಸಿದ ಕಾಡಿನ ಪಡೆ ಇಲ್ಲಿ ಮೊದಲ ಸಾಲಿಗೆ ಬಂದಿತು. ಹತ್ತು ಹೆಜ್ಜೆಯಾಚೆ ಕಾಣದ ಹಳುವಿನಲ್ಲಿ ಕುದುರೆಯ ಪಡೆ ಸಾಲುಗಟ್ಟಿ ನುಗ್ಗಲಾರದು. ಕಾಲುದಾರಿಯನ್ನೂ ಹಳ್ಳದ ತಿರುವನ್ನೂ ಬಲ್ಲ ಕಾಲಾಳುವೇ ಅಲ್ಲಿ ಮುಖ್ಯ. ಈ ಪ್ರದೇಶದ ಹಳೇಪೈಕರ ಹೆಸರೇ ‘ಹಳೆಯ ಕಾಲಾಳು’ ಎಂಬ ಅರ್ಥವನ್ನು ಹೊತ್ತಿದೆಯೆಂದು ಮೈಸೂರು ಗ್ಯಾಸೆಟಿಯರನ್ನು ಸಿದ್ಧಪಡಿಸಿದ ಬಿ. ಎಲ್. ರೈಸ್ ಅವರು ಗುರುತಿಸಿದ್ದಾರೆ. ಗದ್ದೆಯ ಕೆಲಸ ಬಲ್ಲವನೇ ಕತ್ತಿಯನ್ನೂ ಬಲ್ಲವನಾಗಿದ್ದ ಸಮಾಜವದು. ಕಾಡಿನ ಪಡೆಯೇ ಇಲ್ಲಿ ವಂಶಪರಂಪರೆಯ ಪಡೆಯೂ ಆಗಿತ್ತು. ಆಟವಿಕವೂ ಮೌಲವೂ ಒಂದಾದುದೇ ಕೆಳದಿಯ ವಿಶೇಷ.

ಅಮರನಾಯಕತನದಿಂದ ಸ್ವಾತಂತ್ರ್ಯದೆಡೆಗೆ

ಹದಿನೈದನೆಯ ಶತಮಾನದ ಅಂತ್ಯದಲ್ಲಿ ಚೌಡಪ್ಪನಿಂದ ಕೆಳದಿಯಲ್ಲಿ ಆರಂಭವಾದ ಈ ಮನೆತನ ವಿಜಯನಗರದ ಅಮರನಾಯಕ ಪದ್ಧತಿಯಲ್ಲಿ ಬೆಳೆಯಿತು. ಚಕ್ರವರ್ತಿಯಿಂದ ಸೀಮೆಯನ್ನು ಪಡೆದ ನಾಯಕನು ಅದರ ಆದಾಯದಲ್ಲಿ ಒಂದು ಭಾಗವನ್ನು ಅರಮನೆಗೆ ಸಲ್ಲಿಸಿ, ಉಳಿದುದರಲ್ಲಿ ಗೊತ್ತುಪಡಿಸಿದಷ್ಟು ಕಾಲಾಳು, ಕುದುರೆ, ಆನೆಗಳನ್ನು ಸಾಕಿ, ಕರೆ ಬಂದಾಗ ಒಯ್ದು ನಿಲ್ಲಿಸಬೇಕು. ಸದಾಶಿವನಾಯಕನು ಹೀಗೆ ಅಳಿಯ ರಾಮರಾಯನ ಪರವಾಗಿ ದೂರದ ದಂಡಯಾತ್ರೆಗಳಲ್ಲಿ ಹೋರಾಡಿದನು. ‘ಕೋಟೆಕೋಲಾಹಲ’ ಎಂಬ ಬಿರುದು ಈ ವಂಶಕ್ಕೆ ಬಂದುದು ಅವನ ಸಾಹಸದಿಂದ. ಆರಗ, ಗುತ್ತಿ, ಬಾರಕೂರು, ಮಂಗಳೂರು ಸೀಮೆಗಳು ಅವನ ವಶವಾದುವು. ಆಗಲೇ ಘಟ್ಟದ ಮೇಲಣ ನಾಡೂ ಕೆಳಗಣ ಕರಾವಳಿಯೂ ಒಂದೇ ಕೈಗೆ ಸೇರಿದುವು. ಮುಂದಿನ ಸೇನಾವ್ಯವಸ್ಥೆಗೆ ಇದೇ ತಳಹದಿ.

ಈ ವಂಶದ ಇನ್ನೊಂದು ಬಿರುದು ‘ಎಡವ ಮುರಾರಿ’. ಐತಿಹ್ಯದಂತೆ ಎಡವ ಮತ್ತು ಮುರಾರಿ ಎಂಬುವರು ಚೌಡಪ್ಪನ ಮನೆಯ ಇಬ್ಬರು ಆಳುಗಳು. ನಿಕ್ಷೇಪವನ್ನು ತೆಗೆಯಲು ನರಬಲಿ ಬೇಕಾದಾಗ ಒಡೆಯರ ಏಳಿಗೆಗಾಗಿ ಅವರು ತಾವಾಗಿ ಪ್ರಾಣವನ್ನು ಒಪ್ಪಿಸಿದರು. ತಮ್ಮ ಹೆಸರು ಉಳಿಯಬೇಕೆಂಬುದಷ್ಟೇ ಅವರ ಬೇಡಿಕೆಯಾಗಿತ್ತು. ಕಥೆಯಲ್ಲಿ ಇತಿಹಾಸವೆಷ್ಟೆಂಬ ಚರ್ಚೆ ಬೇರೆ. ಆದರೆ ಒಂದು ರಾಜವಂಶ ತನ್ನ ಬಿರುದಾವಳಿಯಲ್ಲಿ ಇಬ್ಬರು ಸೇವಕರ ಹೆಸರನ್ನು ತಲೆತಲಾಂತರ ಹೊತ್ತುದು ಸಣ್ಣ ಸಂಗತಿಯಲ್ಲ. ಈ ಬಿರುದನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಲೇಖನದ ಕೊನೆಯಲ್ಲಿ ಇದರ ಪ್ರಸಂಗ ಮತ್ತೆ ಬರುವುದು.

೧೫೬೫ರ ರಕ್ಕಸತಂಗಡಿಯ ಯುದ್ಧದ ಅನಂತರ ವಿಜಯನಗರದ ಹಿಡಿತ ಸಡಿಲವಾಗಿ, ಹಿರಿಯ ವೆಂಕಟಪ್ಪನಾಯಕನ ಕಾಲದಲ್ಲಿ ಕೆಳದಿ ಸ್ವತಂತ್ರ ರಾಜ್ಯದಂತೆ ನಡೆಯತೊಡಗಿತು. ಪರರ ಯುದ್ಧಕ್ಕೆ ಪಡೆಯನ್ನು ಕಳುಹಿಸುತ್ತಿದ್ದ ಸೀಮೆ ಈಗ ತನ್ನ ರಕ್ಷಣೆಯನ್ನು ತಾನೇ ಯೋಚಿಸಬೇಕಾಯಿತು.

ಇಕ್ಕೇರಿ ಕಲಿಸಿದ ಪಾಠ

೧೬೨೩ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ರಾಜಧಾನಿಯ ರಕ್ಷಣೆಯನ್ನು ವರ್ಣಿಸಿದ್ದಾನೆ. ಅವನು ಕಂಡಂತೆ ನಗರಕ್ಕೆ ಮೂರು ಸುತ್ತುಗಳಿದ್ದುವು. ಹೊರಗಿನ ಎರಡು ಸುತ್ತುಗಳು ಕಲ್ಲಿನವಲ್ಲ; ಗೋಡೆಯ ಬದಲು ಒತ್ತೊತ್ತಾಗಿ ನೆಟ್ಟು ಬೆಳೆಸಿದ ಎತ್ತರದ ಬಿದಿರಿನ ಮೆಳೆಗಳು. ಕಾಲಾಳುಗಳಿಗೂ ಕುದುರೆಗಳಿಗೂ ಅವು ಬಲವಾದ ತಡೆಯೆಂದು ಅವನು ಮೆಚ್ಚಿದ್ದಾನೆ. ಒಳಗಿನ ಮೂರನೆಯದು ಮಾತ್ರ ಗೋಡೆ. ಅದು ದುರ್ಬಲವೆಂದೂ ಸೇರಿಸಿದ್ದಾನೆ. ನೆಲವೇ ಕೊಟ್ಟ ಜೀವಂತ ಕೋಟೆಯ ಈ ಕಲ್ಪನೆ ಸ್ವಾರಸ್ಯಕರವಾದುದು. ಕಡಿದಷ್ಟೂ ಚಿಗುರುವ, ದುರಸ್ತಿಗೆ ಗಾರೆ ಸುಣ್ಣ ಬೇಡದ ಕೋಟೆಯದು.

ಆದರೆ ಇಕ್ಕೇರಿಯಿರುವುದು ಮಲೆನಾಡಿನ ಅಂಚಿನಲ್ಲಿ. ಬಯಲುಸೀಮೆಯ ಕಡೆಯಿಂದ ಬರುವ ದೊಡ್ಡ ಪಡೆಗೆ ಅಲ್ಲಿಗೆ ದಾರಿ ದುರ್ಗಮವಲ್ಲ. ೧೬೩೭ರ ಕೊನೆಯಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಇಕ್ಕೇರಿಯನ್ನು ಹಿಡಿದನು. ವೀರಭದ್ರನಾಯಕನು ಕಾಣಿಕೆಯನ್ನೊಪ್ಪಿ ಸಂಧಿ ಮಾಡಿಕೊಳ್ಳಬೇಕಾಯಿತು. ಬಿದಿರಿನ ಸುತ್ತು ಕುದುರೆಯನ್ನು ತಡೆಯಬಲ್ಲುದು. ದೊಡ್ಡ ಪಡೆಯ ಒತ್ತಡವನ್ನು ಬಹುಕಾಲ ತಡೆಯಲಾರದು. ರಾಜಧಾನಿಯೇ ಗಡಿಯಲ್ಲಿದ್ದರೆ ಮೊದಲ ಪೆಟ್ಟೇ ಕೊನೆಯ ಪೆಟ್ಟಾಗುವುದೆಂಬುದು ಅರಸರಿಗೆ ಮನದಟ್ಟಾಯಿತು. ಅನಂತರ ಅವರು ರಾಜಧಾನಿಯನ್ನು ದಟ್ಟಡವಿಯ ನಡುವಣ ಬಿದನೂರಿಗೆ ಸಾಗಿಸಿದರು. ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಸಂಸ್ಕೃತದಲ್ಲಿ ಅದನ್ನು ವೇಣುಪುರವೆಂದರು. ಬಿದಿರು ಹೆಸರಿನಲ್ಲಿ ಉಳಿಯಿತು. ರಕ್ಷಣೆಯ ಕ್ರಮ ಮಾತ್ರ ಬದಲಾಯಿತು.

ಬಿದನೂರಿನ ರಕ್ಷಣಾವಲಯಗಳು

ಬಿದನೂರಿನ ವ್ಯವಸ್ಥೆಯನ್ನು ಒಂದೇ ಕೋಟೆಯಾಗಿ ನೋಡಿದರೆ ತಿಳಿಯದು. ಒಂದರೊಳಗೊಂದಿರುವ ವಲಯಗಳ ಸಮೂಹವಾಗಿ ನೋಡಬೇಕು.

ಮೊದಲನೆಯದು ಸಮುದ್ರವಲಯ. ಶಿವಪ್ಪನಾಯಕನು (೧೬೪೫–೧೬೬೦) ಪೋರ್ಚುಗೀಸರ ವಶದಲ್ಲಿದ್ದ ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರು ನೆಲೆಗಳನ್ನು ೧೬೫೨ರಿಂದ ೧೬೫೪ರೊಳಗೆ ಒಂದೊಂದಾಗಿ ಗೆದ್ದುಕೊಂಡನು. ಡಚ್ಚರೊಡನೆ ಹೋರಾಡುತ್ತ ಪೋರ್ಚುಗೀಸರ ಶಕ್ತಿ ಕುಂದಿದ್ದ ಸಮಯವನ್ನು ಅವನು ಅರಿತಿದ್ದನು. ಇಂದಿನ ಕಾಸರಗೋಡು ಪ್ರದೇಶದ ಬೇಕಲ ಮತ್ತು ಚಂದ್ರಗಿರಿ ಕೋಟೆಗಳು ಅವನ ಕಾಲದವೆಂದು ಪ್ರಸಿದ್ಧ. ಮುಂದೆ ಹೊಸದುರ್ಗದ ಕೋಟೆಯೂ ಹೊನ್ನಾವರದ ಬಳಿಯ ದ್ವೀಪದಲ್ಲಿ ಬಸವರಾಜದುರ್ಗವೂ ಇದೇ ಸಾಲಿಗೆ ಸೇರಿದುವು. ಕರಾವಳಿಯುದ್ದಕ್ಕೂ ಹಬ್ಬಿದ ಈ ಕೋಟೆಗಳ ಸಾಲು ಬಂದರುಗಳನ್ನು ಕಾಯುವುದರೊಡನೆ ಸುಂಕವನ್ನೂ ತರುತ್ತಿತ್ತು.

ಎರಡನೆಯದು ಘಟ್ಟದ ವಲಯ. ಹುಲಿಕಲ್ಲು, ಹೊಸಂಗಡಿ, ಕೊಲ್ಲೂರು, ಆಗುಂಬೆಯ ಇಳಿಜಾರುಗಳಲ್ಲಿ ಕಣಿವೆಯ ದಾರಿಗಳು ಇಕ್ಕಟ್ಟಾದುವು. ಅವುಗಳ ಬಾಯಿಯನ್ನು ಹಿಡಿದರೆ ಕೆಲವೇ ಜನ ದೊಡ್ಡ ಪಡೆಯನ್ನು ನಿಲ್ಲಿಸಬಲ್ಲರು. ಕೆಳಗಿನಿಂದ ಬಂದವನು ಏರಬೇಕು, ಮೇಲಿರುವವನು ಕಾಯ್ದರೆ ಸಾಕು.

ಮೂರನೆಯದು ರಾಜಧಾನಿಯ ಹೊರವಲಯ. ಬಿದನೂರಿನ ಸುತ್ತ ಬೆಟ್ಟಗಳನ್ನೂ ಕಾಡನ್ನೂ ಕಂದಕ ಕೊತ್ತಲಗಳಿಂದ ಜೋಡಿಸಿ ಹಲವು ಹರದಾರಿಗಳ ಸುತ್ತು ರಚಿಸಲಾಗಿತ್ತು. ಊರಿನ ದಾರಿಗಳಿಗೆ ಕಾವಲಿನ ಬಾಗಿಲುಗಳಿದ್ದುವು. ದಾರಿಯಿಲ್ಲದ ಕಡೆ ಕಾಡೇ ಕಾವಲು. ಇಂದು ನಗರದ ಕೋಟೆಯೆಂದು ಪ್ರವಾಸಿಗಳು ನೋಡುವುದು ಈ ಇಡೀ ವ್ಯವಸ್ಥೆಯ ಕೇಂದ್ರಭಾಗ ಮಾತ್ರ.

ನಾಲ್ಕನೆಯದು ಆಪತ್ಕಾಲದ ಆಶ್ರಯ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ. ಇದರ ಇನ್ನೊಂದು ಹೆಸರು ಭುವನಗಿರಿದುರ್ಗ. ಬೆಟ್ಟದ ಏರಿಗೆ ಅನುಸಾರವಾಗಿ ಒಂದರ ಮೇಲೊಂದು ಮೂರು ಸುತ್ತಿನ ಕೋಟೆ, ಬಾಗಿಲುಗಳ ಬಳಿ ಕಾವಲುಕೊಠಡಿ, ಒಳಗೆ ಕೊಳಗಳು, ಅರಮನೆಯ ನೆಲೆಗಟ್ಟು, ಶಿವಾಲಯಗಳು. ಜಲದುರ್ಗ, ಗಿರಿದುರ್ಗಗಳು ಜನಪದವನ್ನು ಕಾಯಲು, ವನದುರ್ಗ ಮರುದುರ್ಗಗಳು ಆಪತ್ತಿನಲ್ಲಿ ಆಶ್ರಯಕ್ಕೆ ಎಂದು ಶಾಸ್ತ್ರಕಾರರು ವಿಂಗಡಿಸುತ್ತಾರೆ. ಕವಲೇದುರ್ಗ ಗಿರಿಯೂ ಹೌದು, ವನವೂ ಹೌದು.

ಈ ನಾಲ್ಕಕ್ಕೂ ಮೇಲೆ ಅರಸನಿಗೆ ಸಂಬಳ ಕೇಳದ ಸೇನಾಪತಿಯೊಬ್ಬನಿದ್ದನು. ಅವನೇ ಮಳೆಗಾಲ. ಆಗುಂಬೆಯ ಸುತ್ತ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನಿನಿಂದ ನಾಲ್ಕು ತಿಂಗಳು ಹಳ್ಳಗಳು ತುಂಬಿ, ಬಂಡಿಯ ದಾರಿ ಕೆಸರಾಗಿ, ಮದ್ದು ಒದ್ದೆಯಾಗುವುದು. ಬಯಲುಸೀಮೆಯ ಕುದುರೆಗಳಿಗೆ ಮೇವೂ ಇಲ್ಲ, ನಿಲ್ಲಲು ಒಣನೆಲವೂ ಇಲ್ಲ. ಆದ್ದರಿಂದ ಬಿದನೂರಿನ ಮೇಲೆ ಬರುವವನಿಗೆ ಚಳಿಗಾಲ ಬೇಸಗೆಗಳಷ್ಟೇ ಕಾಲ. ಕೆಳದಿಯವರಿಗೆ ಶತ್ರುವನ್ನು ಸೋಲಿಸಲೇಬೇಕೆಂಬ ಹಂಗಿರಲಿಲ್ಲ. ಮುಂಗಾರಿನವರೆಗೆ ತಡೆದರೆ ಸಾಕಾಗಿತ್ತು.

ಅನ್ನವೇ ಬಲ

ವಲಯಗಳನ್ನು ಕಾಯುವವರು ಉಣ್ಣಬೇಕು. ಶಿವಪ್ಪನಾಯಕನ ‘ಶಿಸ್ತು’ ಇಂದಿಗೂ ಜನರ ಬಾಯಲ್ಲಿ ನಾಣ್ನುಡಿಯಾಗಿ ಉಳಿದಿದೆ. ಅವನು ಭೂಮಿಯನ್ನು ಗುಣಾನುಸಾರ ಐದು ತರಗಳಾಗಿ ವಿಂಗಡಿಸಿದನು. ಪ್ರತಿ ತರದ ಹೊಲವನ್ನು ಹನ್ನೆರಡು ವರ್ಷಗಳ ಕಾಲ ಅರಮನೆಯ ಕಡೆಯಿಂದಲೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಖರ್ಚೆಷ್ಟು, ಹುಟ್ಟುವಳಿಯೆಷ್ಟು ಎಂದು ಬರೆಯಿಸಿದನು. ಆ ಸರಾಸರಿಯ ಮೇಲೆ ಮೂರರಲ್ಲೊಂದು ಪಾಲನ್ನು ಅರಮನೆಯ ಸಲ್ಲಿಕೆಯೆಂದು ಗೊತ್ತುಪಡಿಸಿದನು. ಒಳ್ಳೆಯ ವರ್ಷ ಕೆಟ್ಟ ವರ್ಷಗಳೆರಡೂ ಲೆಕ್ಕಕ್ಕೆ ಬಂದುದರಿಂದ ಒಕ್ಕಲಿಗೂ ಬೊಕ್ಕಸಕ್ಕೂ ಭರವಸೆಯುಂಟಾಯಿತು.

ಇದನ್ನು ಕೇವಲ ಕಂದಾಯದ ಸುಧಾರಣೆಯೆಂದು ಓದುವುದು ರೂಢಿ. ಆದರೆ ಇದು ಸೇನಾವ್ಯವಸ್ಥೆಯ ಅಡಿಗಲ್ಲು. ಬರುವ ಆದಾಯ ಇಂತಿಷ್ಟೆಂದು ಮೊದಲೇ ತಿಳಿದ ಅರಸನಿಗೆ ಎಷ್ಟು ಕಾವಲನ್ನು ವರ್ಷವಿಡೀ ಸಾಕಬಹುದೆಂಬುದೂ ತಿಳಿದಿರುತ್ತದೆ. ಸಂಬಳ ತಪ್ಪದ ಪಡೆ ಲೂಟಿಗಿಳಿಯುವುದಿಲ್ಲ. ಕರಾವಳಿಯ ಅಕ್ಕಿಯಂತೂ ಯುದ್ಧಾಸ್ತ್ರವೇ ಆಗಿತ್ತು. ಗೋವೆಯ ಪೋರ್ಚುಗೀಸರು ಬಸರೂರು ಮಂಗಳೂರುಗಳ ಅಕ್ಕಿಯನ್ನು ಅವಲಂಬಿಸಿದ್ದರು. ಬಂದರುಗಳು ಕೈಸೇರಿದ ಮೇಲೆ ಅಕ್ಕಿಯ ಮೂಟೆಯನ್ನು ಕೊಡುವ ಅಥವಾ ತಡೆಯುವ ಅಧಿಕಾರವೇ ಕೆಳದಿಯವರ ರಾಯಭಾರವಾಯಿತು. ಚೆನ್ನಮ್ಮಾಜಿಯ ಕಾಲದಲ್ಲಿ ೧೬೭೮ರಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದ ಈ ಹಿನ್ನೆಲೆಯದು.

ಪರೀಕ್ಷೆಯ ಮೂರು ಪ್ರಸಂಗಗಳು

ವ್ಯವಸ್ಥೆಯೊಂದರ ಯೋಗ್ಯತೆ ತಿಳಿಯುವುದು ಆಪತ್ತಿನಲ್ಲಿ. ಬಿದನೂರು ರಾಜಧಾನಿಯಾದ ಮೇಲೆ ಅರ್ಧ ಶತಮಾನದೊಳಗೆ ಮೂರು ದೊಡ್ಡ ಪರೀಕ್ಷೆಗಳು ಬಂದುವು.

ಭದ್ರಪ್ಪನಾಯಕನ ಕಾಲದಲ್ಲಿ, ೧೬೬೩ರ ಸುಮಾರಿಗೆ, ಬಿಜಾಪುರದ ಎರಡನೆಯ ಅಲಿ ಆದಿಲ್‌ಷಾಹನ ಸೇನೆ ಬಿದನೂರಿನವರೆಗೂ ಬಂದಿತು. ನಾಯಕನು ರಾಜಧಾನಿಯನ್ನು ಬಿಟ್ಟು ಕವಲೇದುರ್ಗವನ್ನು ಸೇರಿದನು. ಬಂದವರಿಗೆ ಊರು ಸಿಕ್ಕಿತು, ಅರಸ ಸಿಗಲಿಲ್ಲ. ಅರಸ ಸಿಗದಿದ್ದರೆ ರಾಜ್ಯ ಸಿಕ್ಕಂತಲ್ಲ. ಕಾಣಿಕೆಯ ಸಂಧಿಯೊಡನೆ ಪಡೆ ಹಿಂದಿರುಗಿತು. ಇಕ್ಕೇರಿಯಲ್ಲಿ ಒಂದೇ ಪೆಟ್ಟಿಗೆ ಮುಗಿದ ಕಾರ್ಯ ಇಲ್ಲಿ ಮುಗಿಯಲಿಲ್ಲ.

ಎರಡನೆಯದು ೧೬೭೨ರ ಸುಮಾರಿನದು. ಸೋಮಶೇಖರನಾಯಕನ ಕೊಲೆಯಾಗಿ, ಮಕ್ಕಳಿಲ್ಲದ ರಾಣಿ ಚೆನ್ನಮ್ಮಾಜಿ ಆಡಳಿತವನ್ನು ವಹಿಸಿಕೊಂಡ ಸಂಧಿಕಾಲ. ಸಮಯ ಸಾಧಿಸಿ ಬಿಜಾಪುರದ ಪಡೆ ಬಂದಿತು. ರಾಣಿಯೂ ಭುವನಗಿರಿದುರ್ಗದ ದಾರಿಯನ್ನೇ ಹಿಡಿದಳು. ಆದರೆ ಅದು ಪಲಾಯನವಾಗಲಿಲ್ಲ. ಚದುರಿದ್ದ ದಂಡನಾಯಕರು, ಸೀಮೆಯ ಪ್ರಮುಖರು, ಕಾಲಾಳುಗಳು ಅಲ್ಲಿ ಬಂದು ಕೂಡಿದರು. ಅವರನ್ನು ಕೂಡಿಸಿದುದು ಕೋಟೆಯ ಕಲ್ಲಲ್ಲ. ಕಷ್ಟದಲ್ಲಿ ಕೈಬಿಡಬಾರದೆಂಬ ಬುದ್ಧಿ ಮತ್ತು ಸೇವೆಯನ್ನು ಮರೆಯದ ಒಡತಿಯೆಂಬ ವಿಶ್ವಾಸ. ರಾಣಿ ರಾಜಧಾನಿಗೆ ಹಿಂದಿರುಗಿ ೧೬೯೭ರ ಸುಮಾರಿನವರೆಗೆ ಆಳಿದಳು.

ಮೂರನೆಯದು ಲೋಕಪ್ರಸಿದ್ಧವಾದುದು. ೧೬೮೯ರಲ್ಲಿ ಸಂಭಾಜಿಯ ವಧೆಯಾದ ಮೇಲೆ ಅವನ ತಮ್ಮ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಕೆಳದಿಯ ಸೀಮೆಯನ್ನು ಪ್ರವೇಶಿಸಿದನು. ಚೆನ್ನಮ್ಮಾಜಿ ಅವನಿಗೆ ಆಶ್ರಯವಿತ್ತು ಮುಂದಕ್ಕೆ ಸಾಗಿಸಿದಳು. ಔರಂಗಜೇಬನ ಕೋಪ ಸೇನೆಯ ರೂಪದಲ್ಲಿ ಬಂದಿತು. ಕೆಳದಿಯ ಪರಂಪರೆ ಇದನ್ನು ಸಂಪೂರ್ಣ ಗೆಲುವೆಂದು ಹಾಡುತ್ತದೆ. ಮೊಗಲರ ಪಕ್ಷದ ಬರವಣಿಗೆಗಳು ಅಲ್ಪ ಕಾಣಿಕೆಯೊಡನೆ ಸಂಧಿಯಾಯಿತೆನ್ನುತ್ತವೆ. ಮರಾಠಾ ಸೇನಾನಿ ಸಂತಾಜಿ ಘೋರ್ಪಡೆಯ ನೆರವೂ ಒದಗಿತು. ಇದು ಶಾಸ್ತ್ರದ ಮಿತ್ರಬಲ. ಪಾಠಾಂತರ ಯಾವುದಿದ್ದರೂ ಸಾರಾಂಶ ಒಂದೇ. ಭರತಖಂಡದ ಬಹುಭಾಗವನ್ನಾಳುತ್ತಿದ್ದ ಚಕ್ರವರ್ತಿಯ ಪಡೆ ಬಂದು ಹೋದ ಮೇಲೂ ರಾಣಿ ಬಿದನೂರಿನಲ್ಲಿಯೇ ಆಳುತ್ತಿದ್ದಳು. ಶರಣಾಗತನು ಜಿಂಜಿಯನ್ನು ಸೇರಿದ್ದನು.

ಈ ವ್ಯವಸ್ಥೆಗೆ ತನ್ನದೇ ಮಿತಿಯೂ ಇದ್ದಿತೆಂಬುದನ್ನು ಮರೆಮಾಚಬಾರದು. ಮಹಾಶೂರನಾದ ಶಿವಪ್ಪನಾಯಕನೇ ೧೬೫೯ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಸಫಲನಾಗದೆ ಹಿಂದಿರುಗಿದನು. ತನ್ನ ಕಾಡಿನಲ್ಲಿ ಅಜೇಯವಾದ ಪಡೆ ಪರರ ಬಯಲಿನಲ್ಲಿ ಸಾಮಾನ್ಯ ಪಡೆಯಾಯಿತು. ನೆಲಕ್ಕೆ ಹೊಂದಿದ ವ್ಯವಸ್ಥೆ ನೆಲದೊಡನೆಯೇ ಇರುವುದು.

೧೭೬೩ರ ಪತನ

ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಅರಮನೆಯೊಳಗೆ ಬಿರುಕು ಕಾಣಿಸಿತು. ಚೆನ್ನಬಸಪ್ಪನಾಯಕನು ೧೭೫೭ರಲ್ಲಿ ಇಲ್ಲವಾದ ಮೇಲೆ ವೀರಮ್ಮಾಜಿ ದತ್ತಕುಮಾರನ ಹೆಸರಿನಲ್ಲಿ ಆಳತೊಡಗಿದಳು. ಚೆನ್ನಬಸಪ್ಪನು ಸತ್ತಿಲ್ಲ, ತಾನೇ ಅವನೆಂದು ಹೇಳಿಕೊಂಡ ಒಬ್ಬನನ್ನು ಚಿತ್ರದುರ್ಗದವರು ಹೈದರ್ ಅಲಿಯ ಬಳಿಗೆ ತಂದರು. ಹೈದರನಿಗೆ ನೆವ ದೊರೆಯಿತು. ೧೭೬೩ರ ಜನವರಿಯ ಕೊನೆಗೆ ಅವನು ಶಿವಮೊಗ್ಗವನ್ನು ಸೇರಿದನು. ಕಾಲವನ್ನು ನೋಡಿ ಬಂದಿದ್ದನು. ಮುಂಗಾರಿಗೆ ಇನ್ನೂ ನಾಲ್ಕು ತಿಂಗಳಿದ್ದುವು.

ರಾಣಿ ನಾಲ್ಕು ಲಕ್ಷ ವರಹಗಳನ್ನು ಕೊಡುವೆನೆಂದಳು. ಅವನು ಮುಂದುವರಿದಂತೆ ಅದು ಹನ್ನೆರಡು ಲಕ್ಷವಾಯಿತು, ಅನಂತರ ಹದಿನೆಂಟು ಲಕ್ಷವಾಯಿತು. ಹಿಂದಿನ ಅರಸರೂ ಕಾಣಿಕೆ ಕೊಟ್ಟಿದ್ದರು. ಆದರೆ ಅವರು ಕೊಟ್ಟದ್ದು ದುರ್ಗದಲ್ಲಿ ನಿಂತು, ಶತ್ರು ದಣಿದ ಮೇಲೆ. ಇಲ್ಲಿ ಶತ್ರು ಹೆಜ್ಜೆಯಿಡುವ ಮೊದಲೇ ಬೆಲೆ ಏರುತ್ತ ಹೋಯಿತು. ಏರುವ ಬೆಲೆಯೇ ಒಳಗಿನ ಭಯವನ್ನು ಹೊರಗೆ ಸಾರಿತು.

ನಿರ್ಣಾಯಕ ಘಟನೆ ನಡೆದುದು ಕುಂಸಿಯಲ್ಲಿ. ಹಿಂದಿನ ಅರಸನ ಮಂತ್ರಿಯಾಗಿದ್ದ ಲಿಂಗಣ್ಣನೆಂಬುವನು ಅಲ್ಲಿ ಸೆರೆಯಲ್ಲಿದ್ದನು. ಅವನಿಂದ ರಾಜಧಾನಿಯೊಳಕ್ಕೆ ಹೋಗುವ ಗುಪ್ತಮಾರ್ಗವೊಂದರ ಸುಳಿವು ಹೈದರನಿಗೆ ದೊರೆಯಿತೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಹೆಸರೊಂದೇ ಆದರೂ ಈ ಮಂತ್ರಿಯೂ ‘ಕೆಳದಿನೃಪವಿಜಯಂ’ ಬರೆದ ಕವಿಯೂ ಒಬ್ಬರೇ ಎಂದು ಭಾವಿಸಬಾರದು. ಮಾರ್ಚಿಯ ಆರಂಭದಲ್ಲಿ ಹೈದರನು ಹೊರಬಾಗಿಲುಗಳ ಮೇಲೆ ಹುಸಿದಾಳಿಯ ಗದ್ದಲವೆಬ್ಬಿಸಿ, ಕಾವಲಿನವರ ಕಣ್ಣನ್ನು ಅತ್ತ ಸೆಳೆದು, ಆಯ್ದ ತುಕಡಿಯೊಡನೆ ಆ ಕಾಲುದಾರಿಯಿಂದ ಊರನ್ನು ಹೊಕ್ಕನು. ಅರಮನೆಗೆ ಬೆಂಕಿಯಿಟ್ಟು ರಾಣಿ ಬಲ್ಲಾಳರಾಯನ ದುರ್ಗದ ಕಡೆ ಹೋದಳು. ಜನರು ಉಟ್ಟಬಟ್ಟೆಯಲ್ಲಿ ಕಾಡು ಸೇರಿದರು. ಮುಂದೆ ರಾಣಿಯೂ ದತ್ತಕುಮಾರನೂ ಸೆರೆಯಾಗಿ ಮಧುಗಿರಿಯ ಕೋಟೆಯನ್ನು ಕಂಡರು. ೧೭೬೭ರಲ್ಲಿ ಪೇಶ್ವೆ ಮಾಧವರಾಯನು ಆ ಕೋಟೆಯನ್ನು ಹಿಡಿದು ಬಿಡಿಸಿದಾಗ, ಪುಣೆಯ ದಾರಿಯಲ್ಲಿ ಅವಳು ತೀರಿಕೊಂಡಳು. ತನ್ನ ಮುಂದಿನ ಹಿರಿಮೆಗೆಲ್ಲ ಬಿದನೂರಿನ ಗೆಲುವೇ ತಳಹದಿಯೆಂದು ಹೈದರನು ಹೇಳುತ್ತಿದ್ದನಂತೆ.

ಗಮನಿಸಬೇಕಾದುದೇನೆಂದರೆ, ಘಟ್ಟದ ವಲಯ ಮುರಿಯಲಿಲ್ಲ, ಕಾಡು ಕಡಿಯಲ್ಪಡಲಿಲ್ಲ, ಬಾಗಿಲುಗಳ ಮೇಲೆ ನಿಜವಾದ ದಾಳಿಯೇ ಆಗಲಿಲ್ಲ. ಇಡೀ ವ್ಯವಸ್ಥೆಯ ಕೀಲಿಕೈ ಒಂದು ನೊಂದ ಮನಸ್ಸಿನಲ್ಲಿದ್ದಿತು. ಆ ಮನಸ್ಸನ್ನು ಸೆರೆಮನೆಯಲ್ಲಿಟ್ಟವರು ಅದನ್ನು ಮರೆತಿದ್ದರು.

ಇಪ್ಪತ್ತು ವರ್ಷಗಳ ಮೇಲೆ ಇದೇ ನಾಟಕ ಬೇರೆ ಪಾತ್ರಗಳಿಂದ ನಡೆಯಿತು. ೧೭೮೩ರ ಜನವರಿಯಲ್ಲಿ ಇಂಗ್ಲಿಷರ ಸೇನಾನಿ ಮ್ಯಾಥ್ಯೂಸ್ ಕುಂದಾಪುರದಿಂದ ಹೊಸಂಗಡಿಯ ಘಟ್ಟವನ್ನೇರಿ ಬಂದಾಗ, ಟಿಪ್ಪುವಿನೊಡನೆ ವೈಮನಸ್ಯವಿದ್ದ ಅಧಿಕಾರಿ ಅಯಾಜನು ನಗರವನ್ನು ಅವನಿಗೆ ಒಪ್ಪಿಸಿದನು. ಏಪ್ರಿಲ್ ಕೊನೆಯ ವೇಳೆಗೆ ಟಿಪ್ಪು ಘಟ್ಟದ ದಾರಿಗಳನ್ನು ಕಡಿದು, ಸಮುದ್ರದ ಸಂಪರ್ಕವನ್ನು ತಪ್ಪಿಸಿ, ನಗರವನ್ನು ಮರಳಿ ಪಡೆದನು. ವಲಯಗಳ ಪರಸ್ಪರ ಸಂಬಂಧವನ್ನು ಅರಿತವನು ಗೆದ್ದನು, ಅರಿಯದವನು ಸೆರೆಯಾದನು.

ದೂರದೇಶದ ಒಂದು ಹೋಲಿಕೆ

ಇಂತಹ ಪದರಪದರದ ರಕ್ಷಣೆ ಹಳೆಯ ಕಾಲದ ಮಾತಷ್ಟೇ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳ ಮಹಾಕಾಳಗವೆಂದು ಹೆಸರಾದ ಕುರ್ಸ್ಕ್ ಕದನ ೧೯೪೩ರ ಜುಲೈ ೫ರಂದು ರಷ್ಯದ ಬಯಲಿನಲ್ಲಿ ಆರಂಭವಾಯಿತು. ಜರ್ಮನರು ತಮ್ಮ ಪಡೆಯನ್ನು ಇಕ್ಕಳದಂತೆ ಎರಡು ಕಡೆ ನಿಲ್ಲಿಸಿದ್ದರು. ಉತ್ತರದಿಂದ ಮೋಡೆಲನ ೯ನೆಯ ಸೈನ್ಯ. ದಕ್ಷಿಣದಿಂದ ಮಾನ್‌ಸ್ಟೈನನ ಅಧೀನದಲ್ಲಿ ಹೋತನ ೪ನೆಯ ಟ್ಯಾಂಕುಸೈನ್ಯ ಮತ್ತು ಅದರ ಬಲಗಡೆಗೆ ಕೆಂಪ್ಫನ ಪಡೆ. ಸೈನ್ಯದೊಳಗೆ ಕೋರುಗಳು, ಕೋರಿನೊಳಗೆ ಡಿವಿಜನ್ನುಗಳು, ಒಂದೊಂದರಲ್ಲಿಯೂ ಟ್ಯಾಂಕು, ಕಾಲಾಳು, ಫಿರಂಗಿ, ಸೇತುವೆ ಕಟ್ಟುವವರ ನಿಷ್ಕೃಷ್ಟ ಜೋಡಣೆ. ಕ್ರಮಬದ್ಧತೆಯಲ್ಲಿ ಅದು ನಮ್ಮ ಪತ್ತಿ–ಸೇನಾಮುಖ–ಗುಲ್ಮಗಳ ಆಧುನಿಕ ರೂಪದಂತಿತ್ತು.

ಆದರೂ ಆ ಇಕ್ಕಳ ಕೂಡಲಿಲ್ಲ. ಹೊಸ ಟ್ಯಾಂಕುಗಳಿಗಾಗಿ ಕಾಯುತ್ತ ಜರ್ಮನರು ದಾಳಿಯನ್ನು ತಿಂಗಳುಗಟ್ಟಲೆ ಮುಂದೂಡಿದರು. ದಾಳಿ ಎಲ್ಲಿಂದ ಬರುವುದೆಂಬುದನ್ನು ಮೊದಲೇ ತಿಳಿದಿದ್ದ ರಷ್ಯನರು ಆ ಅವಧಿಯಲ್ಲಿ ಒಂದರ ಹಿಂದೊಂದು ರಕ್ಷಣಾಸಾಲುಗಳನ್ನು ತೋಡಿ ಸಿಡಿಗುಂಡುಗಳನ್ನು ಹೂಳಿದರು. ಜುಲೈ ೧೨ರ ಪ್ರೊಖೊರೊವ್ಕಾ ಕಾಳಗದಲ್ಲಿ ರಷ್ಯನರಿಗೇ ಟ್ಯಾಂಕುಗಳ ನಷ್ಟ ಹೆಚ್ಚಾಯಿತು. ಆದರೆ ದಾಳಿ ಗುರಿಯನ್ನು ಮುಟ್ಟದೆ ನಿಂತುಹೋಯಿತು. ಕುರ್ಸ್ಕಿನಲ್ಲಿ ರಹಸ್ಯ ಕಾಯುವವನ ಕೈಯಲ್ಲಿತ್ತು, ಬಿದನೂರಿನಲ್ಲಿ ಅದು ಮುತ್ತುವವನ ಕೈಗೆ ಹೋಯಿತು. ಎರಡೂ ಕಡೆ ಪದರಗಳಿದ್ದುವು. ಒಂದು ಉಳಿಯಿತು, ಒಂದು ಅಳಿಯಿತು.

ಉಪಸಂಹಾರ

ಈಗ ‘ಎಡವ ಮುರಾರಿ’ ಎಂಬ ಬಿರುದನ್ನು ಮತ್ತೆ ನೆನೆಯಬೇಕು. ಒಡೆಯನಿಗಾಗಿ ಪ್ರಾಣವಿತ್ತ ಇಬ್ಬರು ಆಳುಗಳ ಹೆಸರನ್ನು ತಲೆಯ ಮೇಲೆ ಹೊತ್ತು ಆರಂಭವಾದ ಸಂಸ್ಥಾನ, ಸೇವಕನೊಬ್ಬನು ಸೆರೆಮನೆಯಿಂದ ತೋರಿದ ದಾರಿಯಲ್ಲಿ ಮುಗಿಯಿತು. ಆ ಮಂತ್ರಿಯ ಕೃತ್ಯವನ್ನು ದ್ರೋಹವೆನ್ನಬಹುದು. ಆದರೆ ದ್ರೋಹವೆಂದು ಹೇಳಿ ಸುಮ್ಮನಾದರೆ ಪಾಠ ಅರ್ಧವಾದಂತೆ. ಚೆನ್ನಮ್ಮಾಜಿ ಕವಲೇದುರ್ಗಕ್ಕೆ ಹೋದಾಗ ಜನರು ಅವಳನ್ನು ಹುಡುಕಿಕೊಂಡು ಹೋದರು. ವೀರಮ್ಮಾಜಿ ಹೋದಾಗ ಜನರು ತಮ್ಮ ತಮ್ಮ ಪ್ರಾಣವನ್ನು ನೋಡಿಕೊಂಡರು. ಕೋಟೆಯ ನಾಲ್ಕು ವಲಯಗಳೊಳಗೆ ಐದನೆಯದೊಂದು ವಲಯವಿತ್ತು. ಅದು ಪರಸ್ಪರ ವಿಶ್ವಾಸದ ವಲಯ. ಅದನ್ನು ಕಟ್ಟಲು ಬಹುಕಾಲ ಬೇಕು. ಕೆಡವಲು ಹೊರಗಿನವನು ಬೇಕಾಗಿಲ್ಲ.

ಇತಿಹಾಸವನ್ನು ಬೋಧಿಸುವ ಅಧ್ಯಾಪಕರು ಮಕ್ಕಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸುವುದರೊಡನೆ ಒಮ್ಮೆ ಅವರನ್ನು ಕವಲೇದುರ್ಗದ ಮೆಟ್ಟಿಲುಗಳನ್ನು ಹತ್ತಿಸುವುದು ಉಚಿತ. ಮೂರನೆಯ ಸುತ್ತಿನಲ್ಲಿ ನಿಂತು ಪಶ್ಚಿಮಕ್ಕೆ ತಿರುಗಿದರೆ ಘಟ್ಟದ ಸಾಲು, ಸುತ್ತಲೂ ಕಾಡು, ಕೆಳಗೆ ಗದ್ದೆಯ ಬಯಲು. ಆ ವ್ಯವಸ್ಥೆಯ ಅಂಗಗಳೆಲ್ಲ ಅಲ್ಲಿ ಕಣ್ಣಿಗೆ ಕಾಣುತ್ತವೆ. ಕೆಳದಿಯ ರಾಮೇಶ್ವರ ದೇವಾಲಯ, ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿಯ ವಸ್ತುಸಂಗ್ರಹಾಲಯದ ಓಲೆಗಳು ಮತ್ತು ಆಯುಧಗಳು ಉಳಿದ ಕಥೆಯನ್ನು ಹೇಳುತ್ತವೆ. ಕಣ್ಣಿಗೆ ಕಾಣದ ಐದನೆಯ ವಲಯವನ್ನು ಕಾಣಿಸುವ ಹೊಣೆ ಮಾತ್ರ ಗುರುವಿನದು.

ಒಂದು ಸಂಸ್ಥೆಗೂ ಒಂದು ಸಂಸ್ಥಾನಕ್ಕೂ ಈ ವಿಷಯದಲ್ಲಿ ಹೆಚ್ಚಿನ ಭೇದವಿಲ್ಲ. ಕಟ್ಟಡವನ್ನು ಕಲ್ಲು ಗಾರೆಗಳಿಂದ ಎಬ್ಬಿಸಬಹುದು, ದಾನಿಗಳ ಔದಾರ್ಯದಿಂದ ಬೊಕ್ಕಸವನ್ನು ತುಂಬಬಹುದು. ಆದರೆ ಅದನ್ನು ಶತಮಾನಗಳ ಕಾಲ ನಿಲ್ಲಿಸುವುದು, ದುಡಿದವರ ಹೆಸರನ್ನು ಬಿರುದಿನಂತೆ ಹೊತ್ತು ನಡೆಯುವ ಕೃತಜ್ಞತೆ ಮತ್ತು ನೊಂದವರ ದೂರನ್ನು ಕಾಲದಲ್ಲಿ ಕೇಳುವ ಕಿವಿ. ಈ ಎರಡು ಇದ್ದಾಗ ಬಿದಿರಿನ ಮೆಳೆಯೂ ಕೋಟೆಯಾಗುತ್ತದೆ. ಇವಿಲ್ಲದಾಗ ಕಲ್ಲಿನ ಕೋಟೆಯಲ್ಲಿಯೂ ಕಾಲುದಾರಿ ಹುಟ್ಟುತ್ತದೆ.